ಪಿತೃಪಕ್ಷದಲ್ಲಿ ಬಂದ ಕೋರ್ಟಿನ ಲಕೋಟೆ

ಆಕೆ ಆ ಕಾಗದವನ್ನು ಕಣ್ಣಿಗೆ ಒತ್ತಿಕೊಂಡರೋ, ಬರೀ ಕನ್ನಡಕ ಸರಿಮಾಡಿಕೊಂಡರೋ?

ನನಗೆ ಗೊತ್ತಿಲ್ಲ. ನಾನು ಎರಡೇ ಅಡಿ ದೂರದಲ್ಲಿ ನಿಂತಿದ್ದೆ. ನಡುವೆ ಇದ್ದದ್ದು ಒಂದು ಗಾಜು, ಅದೂ ಚೆನ್ನಾಗಿ ಒರೆಸಿದ ಗಾಜು. ಪಕ್ಕದಲ್ಲಿದ್ದ ಸುನಂದಾ ‘ಕಣ್ಣಿಗೆ ಹಚ್ಕೊಂಡ್ರು, ನಾ ನೋಡೇನಿ’ ಎಂದು ಇವತ್ತಿಗೂ ಹೇಳುತ್ತಾರೆ. ನಾನು ಕನ್ನಡಕ ಎನ್ನುತ್ತೇನೆ. ಸೋಮವಾರ ಖಡಾಖಂಡಿತವಾಗಿ ಕನ್ನಡಕ ಎಂದವನಿಗೆ ಗುರುವಾರದ ಹೊತ್ತಿಗೆ ಅನುಮಾನ ಶುರುವಾಗುತ್ತದೆ. (ಸಂಖ್ಯಾಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿದ್ದರಿಂದ ನನಗೆ ಸಿಕ್ಕಿದ್ದು ಇಷ್ಟೇ: ಯಾರ ಮಾತನ್ನೂ ಪೂರ್ತಿ ನಂಬದಿರುವ ಲೈಸೆನ್ಸ್. ನನ್ನದನ್ನೂ.)

ಆಕೆ ಅಂದರೆ ಇಲ್ಲಿ ಲಂಡನ್ನಿನ ಒಂದು ಕೌಂಟಿ ಕೋರ್ಟಿನ ಆಫೀಸಿನಲ್ಲಿ ಕ್ಲರ್ಕ್. ಕಾಗದ ಅಂದರೆ ಸುನಂದಾ ಕೋರ್ಟಿಗೆ ಬರೆದ ಉತ್ತರ. ಅದರ ಮೇಲೆ ಕುಂಕುಮ ಬಿದ್ದಿತ್ತು. ಯಾಕೆ ಅಂತೀರಾ? ಅದನ್ನೇ ಹೇಳಲು ಹೊರಟಿದ್ದೇನೆ.

ಸುನಂದಾ ನಮ್ಮ ಕನ್ನಡ ಕೂಟದವರು, ಊರು ಧಾರವಾಡ. ಆಸ್ಪತ್ರೆಯಲ್ಲಿ ನರ್ಸ್. ಕೆಂಟನ್‌ನ ಒಂದು ಬಾಡಿಗೆ ಫ್ಲ್ಯಾಟಿನಲ್ಲಿ ಆರು ವರ್ಷದಿಂದ ಇದ್ದಾರೆ. ಮನೆಯಿಂದ ಆಸ್ಪತ್ರೆಗೆ ಒಂದೇ ಬಸ್ಸು, ಮಗಳ ಶಾಲೆಗೆ ಅದೂ ಬೇಡ. ಲಂಡನ್ನಿನಲ್ಲಿ ಮನೆ ಹುಡುಕಿದವರಿಗೆ ಇದರ ಬೆಲೆ ಗೊತ್ತು.

ಕಳೆದ ಪಿತೃಪಕ್ಷದ ಮೊದಲ ದಿನ ಅವರ ಮನೆ ಬಾಗಿಲಿನ ಅಂಚೆ ಕಿಂಡಿಯಿಂದ ಒಂದು ದಪ್ಪ ಲಕೋಟೆ ಒಳಗೆ ಬಿತ್ತು. ಹಿಂದೆ ಕೋರ್ಟಿನ ವಿಳಾಸ. ಗಂಡ ಗುರುರಾಜ ತಂದೆಯ ಪಕ್ಷ ಮಾಡಲು ಊರಿಗೆ ಹೋಗಿದ್ದ. ಸುನಂದಾ ಧಾರವಾಡಕ್ಕೆ ವಿಡಿಯೋ ಕಾಲ್ ಮಾಡಿದರು. ಅತ್ತೆ ಲಕೋಟೆಯನ್ನು ಫೋನಿನಲ್ಲೇ ದಿಟ್ಟಿಸಿ ನೋಡಿ, ಪಕ್ಷ ಮುಗಿಯುವ ತನಕ ಅದನ್ನು ಒಡೆಯಬೇಡ ಎಂದರು. ಪಕ್ಷದಲ್ಲಿ ಹೊಸ ಸೀರೆ ಉಡುವುದಿಲ್ಲ, ಹೊಸ ಕೆಲಸ ಶುರು ಮಾಡುವುದಿಲ್ಲ. ಅಂಥದ್ದರಲ್ಲಿ ಕೋರ್ಟಿನ ಕಾಗದ ಒಡೆಯುತ್ತಾರೆಯೇ?

ಲಕೋಟೆ ಅಡುಗೆಮನೆಯ ಕಪಾಟಿನೊಳಗಿನ ದೇವರ ಮುಂದೆ ಹೋಗಿ ಕೂತಿತು. ದಿನಾ ಬೆಳಿಗ್ಗೆ ದೇವರಿಗೆ ಏರಿಸಿದ ಕುಂಕುಮದಲ್ಲಿ ಒಂದು ಚಿಟಿಕೆ ಅದರ ಮೇಲೂ ಬೀಳುತ್ತಿತ್ತು. ನವರಾತ್ರಿಯ ಮೊದಲ ದಿನ ದೀಪ ಹಚ್ಚಿ ಒಡೆದರು. ಮೇಲಿದ್ದ ಕುಂಕುಮವೆಲ್ಲ ಒಳಗಿನ ಫಾರಂ ಮೇಲೆ ಚೆಲ್ಲಿತು.

ಮನೆಯ ಮಾಲೀಕ ಫ್ಲ್ಯಾಟ್ ಮಾರಬೇಕಂತೆ. ಖಾಲಿ ಮಾಡಿ ಎಂದು ನೋಟಿಸ್ ಕೊಟ್ಟರೂ ಇವರು ಹೋಗುತ್ತಿಲ್ಲ, ಆದ್ದರಿಂದ ಕೋರ್ಟೇ ಮನೆ ಬಿಡಿಸಿಕೊಡಬೇಕು ಎಂದು ಕೇಳಿದ್ದ. ಅಂಥ ನೋಟಿಸನ್ನು ಸುನಂದಾ ಕಣ್ಣಲ್ಲಿ ಕಂಡಿರಲೇ ಇಲ್ಲ. ಅದನ್ನು ಹೇಳಲು ಒಂದು ಫಾರಂ ಇತ್ತು. ತುಂಬಿ ಕಳಿಸಲು ಹದಿನಾಲ್ಕು ದಿನ.

ಪಿತೃಗಳಿಗೆ ಹದಿನೈದು, ಪ್ರತಿವಾದಿಗೆ ಹದಿನಾಲ್ಕು.

‘ಸರ್, ಮನಿ ಹೋಗ್ತದೇನ್ರಿ?’ ಎಂದು ಫೋನ್ ಬಂದದ್ದು ಆಗ. ಕೋರ್ಟಿನ ಕೌಂಟರಿಗೆ ಹೋಗಲು ಈಗ ಅಪಾಯಿಂಟ್‌ಮೆಂಟ್ ಬೇಕು. ಅದು ಸಿಗುವ ಹೊತ್ತಿಗೆ ಇನ್ನೊಂದು ವಾರ ಕಳೆಯಿತು. ಸುನಂದಾ ನೈಟ್ ಡ್ಯೂಟಿ ಮುಗಿಸಿ ನೇರ ಅಲ್ಲಿಗೇ ಬಂದರು. ನಾನು ರೇನರ್ಸ್ ಲೇನ್‌ನ ನನ್ನ ಮನೆಯಿಂದ ಹೋದೆ.

ಬಾಗಿಲಲ್ಲಿ ಏರ್‌ಪೋರ್ಟಿನ ಹಾಗೆ ತಪಾಸಣೆ. ನೀರಿನ ಬಾಟಲಿಯಿಂದ ಒಂದು ಗುಟುಕು ಕುಡಿದು ತೋರಿಸಬೇಕು, ಒಳಗಿರುವುದು ನೀರೇ ಎಂದು. ಸುನಂದಾರ ಬ್ಯಾಗಿನಲ್ಲಿ ಶೇಂಗಾ ಚಟ್ನಿಪುಡಿಯ ಡಬ್ಬಿ ಇತ್ತು. ಗಾರ್ಡ್ ಅದನ್ನು ಮೂಸಿ ನೋಡಿದ. ತಿಂದು ತೋರಿಸಿ ಅನ್ನಲಿಲ್ಲ, ಸದ್ಯ.

ಕೌಂಟರಿನ ಆಚೆ ಐವತ್ತರ ಆಸುಪಾಸಿನ ಹೆಂಗಸು. ಕುತ್ತಿಗೆಗೆ ನೇತುಹಾಕಿದ ಗುರುತಿನ ಚೀಟಿಯಲ್ಲಿ ಗುಜರಾತಿ ಹೆಸರು. ಸುನಂದಾ ನನ್ನ ಕಿವಿಯ ಹತ್ತಿರ ಬಂದು, ‘ನಮ್ಮ ಮಂದೀನ ಅದಾರ್ರಿ. ನೀವೊಂದ್ ಮಾತ್ ಹೇಳ್ರಿ’ ಎಂದರು.

ಏನು ಹೇಳುವುದು? ಆದರೂ ಹೇಳಿದೆ. ‘ಸ್ವಲ್ಪ ತಡವಾಗಿದೆ. ನಡೆಯುತ್ತಾ?’

‘ತೆಗೆದುಕೊಳ್ತೀನಿ. ನಡೆಯುತ್ತಾ ಇಲ್ಲವಾ ಅಂತ ಹೇಳೋದು ಜಡ್ಜ್.’ ಇಂಗ್ಲಿಷ್ ಅಪ್ಪಟ ಲಂಡನ್ನಿನದು.

‘ನೀವಾಗಿದ್ರೆ ಏನು ಮಾಡ್ತಿದ್ರಿ?’

‘ನಾನಾಗಿದ್ರೆ ಗಾಜಿನ ಆ ಕಡೆ ಇರ್ತಿದ್ದೆ, ಸರ್. ಈ ಕಡೆ ಇರೋರು ಸಲಹೆ ಕೊಡೋ ಹಾಗಿಲ್ಲ.’

ನನಗೆ ಮೈಸೂರಿನ ನಮ್ಮ ದೊಡ್ಡಪ್ಪ ನೆನಪಾದರು. ಮುನ್ಸಿಫ್ ಕೋರ್ಟಿನಲ್ಲಿ ಶಿರಸ್ತೇದಾರರು. ಭಾನುವಾರ ಬಂತೆಂದರೆ ಅವರ ಜಗಲಿ ತುಂಬ ಜನ, ಕೈಯಲ್ಲೊಂದು ಬಾಳೆಹಣ್ಣಿನ ಚಿಪ್ಪು. ‘ಹಿಂಗೆ ಬರಿ’, ‘ಅದನ್ನ ಬಿಡು’, ‘ಆ ಸಾಕ್ಷಿ ಬೇಡ.’ ಎಲ್ಲರಿಗೂ ಸಲಹೆ. ಅವರ ಸಲಹೆ ಕೇಳಿ ಕೇಸ್ ಸೋತವರು ಎಷ್ಟು ಜನ? ಯಾರೂ ಲೆಕ್ಕ ಇಟ್ಟಿರಲಿಲ್ಲ. ಗೆದ್ದವರು ಮತ್ತೆ ಬಾಳೆಹಣ್ಣು ತಂದರು, ಸೋತವರು ಬರಲಿಲ್ಲ. ದೊಡ್ಡಪ್ಪನ ಕಣ್ಣಿಗೆ ಬಿದ್ದದ್ದು ಬಾಳೆಹಣ್ಣು ಮಾತ್ರ.

ಸಲಹೆ ಕೊಡದ ಕ್ಲರ್ಕನ್ನು ನಾನು ನೋಡಿದ್ದು ಇದೇ ಮೊದಲು. ಕುತೂಹಲ ತಡೆಯಲಿಲ್ಲ. ‘ಹಾಗಾದರೆ ನಿಮ್ಮ ಕೆಲಸ ಏನು?’ ಎಂದು ಕೇಳಿಯೇಬಿಟ್ಟೆ. ಒರಟಾಗಿ ಕೇಳಿಸಿತೇನೋ. ಆಕೆಗೆ ಬೇಸರವಾದಂತೆ ಕಾಣಲಿಲ್ಲ.

‘ಬಂದದ್ದನ್ನು ತೆಗೆದುಕೊಳ್ಳೋದು. ಯಾವ ಕೇಸಿನದು ಅಂತ ನೋಡೋದು. ಸಹಿ ಇದೆಯಾ, ಎಲ್ಲಾ ಹಾಳೆ ಇದೆಯಾ ನೋಡೋದು. ಬಂದ ದಿನದ ಮುದ್ರೆ ಹಾಕೋದು. ಫೈಲಿಗೆ ಸೇರಿಸೋದು. ಎದುರು ಪಾರ್ಟಿಗೂ ಹೋಗೋ ಹಾಗೆ ನೋಡೋದು. ಜಡ್ಜ್ ಮುಂದೆ ಇಡೋದು. ಅವರು ಹೇಳಿದ್ದನ್ನು ಎಲ್ಲರಿಗೂ ಕಳಿಸೋದು.’

‘ಬರೆದದ್ದು ನಿಜವಾ ಸುಳ್ಳಾ ಅಂತ?’

‘ನೋಡಲ್ಲ.’

ಎಂಥ ಆರಾಮದ ಕೆಲಸ ಅನ್ನಿಸಿತು ಮೊದಲು. ಆಮೇಲೆ ಅನ್ನಿಸಿತು: ಎಂಥ ಕಷ್ಟದ ಕೆಲಸ. ದಿನವಿಡೀ ಜನ ಎದುರು ಬಂದು ನಿಲ್ಲುತ್ತಾರೆ. ಮನೆ ಹೋಗುವವರು, ಮನೆ ಬಿಡಿಸಬೇಕಾದವರು. ಉತ್ತರ ನಿಮಗೆ ಗೊತ್ತಿರುತ್ತದೆ, ನಾಲಿಗೆಯ ತುದಿಯಲ್ಲೇ ಇರುತ್ತದೆ. ನುಂಗಬೇಕು. ನಮ್ಮಲ್ಲಿ ಯಾರಿಗಾದರೂ ಸಾಧ್ಯವೇ? ಬಸ್ ಸ್ಟಾಪಿನಲ್ಲಿ ಕೆಮ್ಮಿದರೆ ಮೂರು ಕಷಾಯ ಹೇಳುವ ಜನ ನಾವು.

ಆಕೆ ಹಾಳೆ ತಿರುವುತ್ತ ಕೊನೆಯ ಪುಟದಲ್ಲಿ ನಿಂತರು. ‘ಇಲ್ಲಿ ಸಹಿ ಇಲ್ಲ.’

ಫಾರಂ ನಮ್ಮ ಕಡೆ ವಾಪಸ್ ಬಂತು. ಸಹಿಗೆ ಮೊದಲು ಒಂದು ಸಲ ಕಣ್ಣಾಡಿಸೋಣ ಎಂದು ನಾನು ತೆಗೆದುಕೊಂಡೆ. ಬೇರೆ ಏನಾದರೂ ಹೇಳುವುದಿದ್ದರೆ ಇಲ್ಲಿ ಬರೆಯಿರಿ ಎಂಬ ಜಾಗದಲ್ಲಿ ಸುನಂದಾ ತಡವಾದ ಕಾರಣ ಬರೆದಿದ್ದರು. ನರ್ಸ್ ಬರೆಯುವ ಇಂಗ್ಲಿಷ್, ರೋಗಿಯ ಚಾರ್ಟ್ ತುಂಬಿದ ಹಾಗೆ: ಏನಾಯಿತು, ಎಷ್ಟು ದಿನ, ಯಾರು ಹೇಳಿದ್ದು. ‘ಡಾ. ಇಂಥವರ ಸಲಹೆಯ ಮೇರೆಗೆ ಲಕೋಟೆಯನ್ನು ಹದಿನೈದು ದಿನ ದೇವರ ಮುಂದೆ ಇಡಲಾಗಿತ್ತು.’

ಇಂಥವರು ಎಂದು ನಾನು ಇಲ್ಲಿ ಬರೆದಿದ್ದೇನೆ. ಫಾರಂನಲ್ಲಿ ನನ್ನ ಪೂರ್ತಿ ಹೆಸರಿತ್ತು.

‘ಏನಿದು ಸುನಂದಾ?’

‘ಯಾಕ್ರಿ? ನೀವ ಹೇಳಿದ್ರಲ್ಲ.’

‘ನಾನ್ಯಾಕೆ ಹಾಗೆ ಹೇಳ್ತೀನಿ?’

‘ಅತ್ತಿಯವ್ರು ಒಡೀಬ್ಯಾಡ ಅಂದ್ರು. ಒಡೀಲೋ ಬ್ಯಾಡೋ ಅಂತ ನಿಮ್ಮನ್ನ ಕೇಳಿದೆ. ದೇವರ ಮುಂದ ಇಡ್ರಿ, ಅವನಽ ಓದಿ ಉತ್ತರ ಬರೀಲಿ ಅಂತ ಫೋನಿನಾಗ ಕಳಿಸಿದ್ರಿ. ಇಷ್ಟ್ ಓದಿದವ್ರ ಹಂಗಂದ ಮ್ಯಾಲೆ ನಾ ಯಾಕ ಒಡೀಲಿ?’

ನಮ್ಮ ಕನ್ನಡ ಕೂಟದ ಯುಗಾದಿ ಕಾರ್ಯಕ್ರಮದಲ್ಲಿ ಮೂಢನಂಬಿಕೆಯ ಮೇಲೆ ಇಪ್ಪತ್ತು ನಿಮಿಷ ಮಾತಾಡಿದವನು ನಾನು. ಕೋಸಂಬರಿ ನೀರು ಬಿಡುತ್ತದೆ ಎಂದು ಚೀಟಿ ಬರುವ ತನಕ. ಅಂಥವನ ಹೆಸರು ಲಂಡನ್ನಿನ ಕೋರ್ಟಿನ ಫೈಲಿನಲ್ಲಿ ಹೀಗೆ ಕೂರಬೇಕೆ? ಹಾಗೆ ಹೇಳಿದ್ದು ನನಗೆ ನೆನಪೇ ಇರಲಿಲ್ಲ. ಹೇಳಿಲ್ಲ ಎಂದೂ ನೆನಪಿರಲಿಲ್ಲ.

‘ಆ ಸಾಲು ಹೊಡೆದುಹಾಕಿ. ಹುಷಾರಿರಲಿಲ್ಲ ಅಂತ ಬರೀರಿ. ಯಾರು ಕೇಳ್ತಾರೆ?’

ಸುನಂದಾ ನನ್ನನ್ನು ನೋಡಿದ ರೀತಿ ಮಾತ್ರ ಸ್ಪಷ್ಟವಾಗಿ ನೆನಪಿದೆ. ‘ಕೆಳಗ ಏನ್ ಅದ ಓದ್ರಿ ಸರ್. ಇದರಾಗ ಬರದದ್ದೆಲ್ಲಾ ಖರೇ ಅಂತ ಸೈನ್ ಮಾಡ್ಬೇಕು. ಸುಳ್ಳ ಬರೀಲೇನ್ರಿ?’

ನಾನು ಗಾಜಿನ ಕಡೆ ತಿರುಗಿದೆ. ಒಂದು ಸಾಲು ತೆಗೆಸಬಹುದೇ ಎಂದು ಕೇಳಿದೆ.

‘ಅದು ಅವರ ಕಾಗದ, ಸರ್. ಏನು ಬರೀಬೇಕು, ಏನು ಬಿಡಬೇಕು ಅಂತ ನಾನು ಹೇಳೋ ಹಾಗಿಲ್ಲ.’ ಮುದ್ರೆಯನ್ನು ಹತ್ತಿರಕ್ಕೆ ಎಳೆದುಕೊಂಡು ಸೇರಿಸಿದರು. ‘ನೀವೂ ಹೇಳದಿದ್ದರೆ ಒಳ್ಳೇದು ಅಂತ ಹೇಳೋ ಹಾಗೂ ಇಲ್ಲ.’

ಸುನಂದಾ ಸಹಿ ಮಾಡಿದರು. ಫಾರಂ ಗಾಜಿನ ಕೆಳಗಿನಿಂದ ಆ ಕಡೆ ಹೋಯಿತು. ಕುಂಕುಮ ಬೆರಳಿಗೆ ಹತ್ತಿದ್ದು ಆಕೆಗೆ ಗೊತ್ತಾಯಿತು. ಅದೇನು ಎಂಬುದೂ ಗೊತ್ತಾಗಿರಬೇಕು. ಕಾಗದ ಹಿಡಿದ ಕೈ ಮುಖದ ಹತ್ತಿರ ಹೋಯಿತು. ಕಣ್ಣೋ, ಕನ್ನಡಕವೋ. ಆಮೇಲೆ ಮುದ್ರೆ ಬಿತ್ತು. ಜೊತೆಗೆ ಒಂದು ಹಾಳೆ ಕೊಟ್ಟರು: ಉಚಿತ ಸಲಹೆ ಎಲ್ಲೆಲ್ಲಿ ಸಿಗುತ್ತದೆ ಎಂಬ ಪಟ್ಟಿ. ಅದರಲ್ಲಿ ನನ್ನ ಹೆಸರು ಇರಲಿಲ್ಲ.

ಮನೆಗೆ ಬಂದು ಹೆಂಡತಿ ಶೈಲಾಗೆ ಎಲ್ಲ ಹೇಳಿದೆ. ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸದೆ, ‘ಹೇಳಿದ್ರೋ ಇಲ್ವೋ ಅಂತ ಫೋನಲ್ಲೇ ಇರುತ್ತಲ್ರೀ. ನೋಡ್ಬಾರ್ದಾ?’ ಎಂದಳು.

ನೋಡಬಹುದಿತ್ತು. ಫೋನ್ ಜೇಬಿನಲ್ಲೇ ಇತ್ತು. ಮೂವತ್ತು ವರ್ಷ ಬೇರೆಯವರಿಗೆ ‘ಮೊದಲು ಡೇಟಾ ನೋಡಿ’ ಎಂದು ಪಾಠ ಹೇಳಿದವನು ಮೂರು ವಾರ ಅದನ್ನು ತೆರೆಯಲಿಲ್ಲ. ಯಾಕೆ ಅಂತ ಕೇಳಬೇಡಿ. ನಿಮಗೂ ಅಂಥದ್ದೊಂದು ಫೋನ್ ಇರುತ್ತದೆ.

ವಿಚಾರಣೆಯ ದಿನವೂ ಸುನಂದಾ ಜೊತೆ ಹೋದೆ. ಗುರುರಾಜ ಅಷ್ಟರಲ್ಲಿ ಬಂದಿದ್ದ, ಆದರೆ ಫಾರಂನಲ್ಲಿ ಹೆಸರಿದ್ದದ್ದು ನನ್ನದು. ಸಣ್ಣ ಕೋಣೆ, ಒಂದು ಉದ್ದ ಮೇಜು. ವಿಗ್ ಇಲ್ಲ, ಕಟಕಟೆ ಇಲ್ಲ. ಜಡ್ಜ್ ಮುಂದೆ ಫೈಲಿತ್ತು. ನಾವು ಕೂತಲ್ಲಿಂದಲೇ ಕೆಂಪು ಕಲೆ ಕಂಡಿತು.

ಜಡ್ಜ್ ಮುದ್ರೆಯ ತಾರೀಕು ನೋಡಿದರು. ಕಾರಣ ಓದಿದರು. ಇನ್ನೊಂದು ಸಲ ಓದಿದರು. ‘ಈ ಡಾಕ್ಟರ್ ಬಂದಿದ್ದಾರಾ?’

ಎದ್ದು ನಿಂತೆ.

‘ಯಾವುದರ ಡಾಕ್ಟರ್?’

‘ಸಂಖ್ಯಾಶಾಸ್ತ್ರ.’

‘ನೀವು ಈ ಸಲಹೆ ಕೊಟ್ಟಿದ್ರಾ?’

ಇಲ್ಲ ಎಂದರೆ ನನ್ನ ಮಾನ ಉಳಿಯುತ್ತಿತ್ತು, ಸುನಂದಾ ಸುಳ್ಳಿಯಾಗುತ್ತಿದ್ದರು. ಸುಳ್ಳಿಯ ಮಾತು ನೋಟಿಸಿನ ವಿಷಯದಲ್ಲಿ ಮಾತ್ರ ನಿಜ ಎಂದು ಯಾರು ನಂಬುತ್ತಾರೆ? ಹೌದು ಎನ್ನಲು ನನಗೆ ಖಾತ್ರಿಯಿರಲಿಲ್ಲ. ‘ನನಗೆ ನೆನಪಿಲ್ಲ’ ಎಂದೆ. ‘ಆದರೆ ಇವರು ದಿನಾ ಚಾರ್ಟ್ ಬರೆಯುವವರು. ಇವರು ಬರೆದದ್ದಕ್ಕೂ ನನ್ನ ನೆನಪಿಗೂ ಜಗಳ ಬಂದರೆ ನಾನು ಇವರನ್ನು ನಂಬುತ್ತೇನೆ.’

ಜಡ್ಜ್ ಏನೋ ಬರೆದುಕೊಂಡರು. ಪಕ್ಕದಲ್ಲಿ ಸುನಂದಾ ಉಸಿರು ಬಿಟ್ಟದ್ದು ಕೇಳಿಸಿತು. ತಡವಾದರೂ ಉತ್ತರವನ್ನು ಪರಿಗಣಿಸುತ್ತೇನೆ ಎಂದು ಜಡ್ಜ್ ಹೇಳಿ, ಮಾಲೀಕನ ವಕೀಲರನ್ನು ನೋಟಿಸಿನ ಪ್ರತಿ ಕೇಳಿದರು. ಸುನಂದಾ ಇರುವುದು ಮೇಲಿನ ಫ್ಲ್ಯಾಟ್. ನೋಟಿಸಿನ ಮೇಲೆ ಇದ್ದದ್ದು ಕೆಳಗಿನ ಫ್ಲ್ಯಾಟಿನ ನಂಬರ್. ವಕೀಲರು ಹಾಳೆಗಳನ್ನು ಮೂರು ಸಲ ಹಿಂದೆ ಮುಂದೆ ಮಾಡಿದರು. ನಂಬರ್ ಬದಲಾಗಲಿಲ್ಲ.

ಕೇಸು ವಜಾ. ಮಾಲೀಕ ಬೇಕಾದರೆ ಸರಿಯಾದ ನೋಟಿಸ್ ಕೊಟ್ಟು ಮೊದಲಿನಿಂದ ಶುರು ಮಾಡಬೇಕು.

ಹೊರಗೆ ಬಂದ ಮೇಲೆ ಸುನಂದಾ ಕೇಳಿದರು. ‘ಅಂದ್ರ ಮನಿ ಉಳೀತೇನ್ರಿ?’

‘ಸದ್ಯಕ್ಕೆ.’

‘ಸದ್ಯಕ್ಕ ಸಾಕ್ರಿ.’ ಚಟ್ನಿಪುಡಿಯ ಡಬ್ಬಿ ನನ್ನ ಕೈಗಿತ್ತು, ನಗದೆ ಹೇಳಿದರು. ‘ನೋಡ್ರಿ, ನೀವು ಅಂದಂಗ ದೇವರಽ ಉತ್ತರ ಬರದಾನ.’

ವಾಪಸ್ ಬರುವಾಗ ಟ್ಯೂಬಿನಲ್ಲಿ ಕೂತು ಕೊನೆಗೂ ಫೋನ್ ತೆರೆದೆ. ಬೆರಳಿನಿಂದ ಮೇಲೆ ಮೇಲೆ ಸರಿಸುತ್ತ ಹೋದೆ: ವಾರಗಟ್ಟಲೆಯ ಶುಭೋದಯಗಳು, ಸೌತ್‌ಹಾಲ್‌ನಲ್ಲಿ ಸಿಗುವ ಬದನೆಕಾಯಿಯ ಫೋಟೋ, ಪಿತೃಪಕ್ಷದ ಮೊದಲ ದಿನ. ಅಲ್ಲಿ ನಾನು ಕಳಿಸಿದ ಒಂದು ವಾಯ್ಸ್ ಮೆಸೇಜ್ ಇತ್ತು. ಕಿವಿಗೆ ಹಿಡಿದು ಎರಡು ಸಲ ಕೇಳಿ ಖಚಿತಪಡಿಸಿಕೊಂಡೆ: ಒಟ್ಟು ಹನ್ನೊಂದು ಸೆಕೆಂಡ್, ಅದರಲ್ಲಿ ಸಲಹೆ ಎಂಟು, ನನ್ನದೇ ನಗು ಮೂರು.