ಬೇಕೆಂದೇ ಬಿಟ್ಟ ಸಾಲು

ಅಮೆರಿಕದ ಯೂನಿಯನ್ ಸಿಟಿಯ ಅಪಾರ್ಟ್‌ಮೆಂಟಿನಲ್ಲಿ ಒಬ್ಬರೇ ಇರುವ ಸುಗುಣಾ ಮನೆಯಿಂದಲೇ ಆಫೀಸಿನ ಕೆಲಸ ಮಾಡುತ್ತಾರೆ. ಬೆಳಗಿನ ಕಾಫಿಯ ಜೊತೆಗೆ, ಅಲ್ಲಿನ ಕರಾವಳಿ ಕನ್ನಡಿಗ ಪ್ರೋಗ್ರಾಮರುಗಳ ವಾಟ್ಸಾಪ್ ಗುಂಪಿಗೆ ಒಂದು ಸಣ್ಣ ಕೋಡನ್ನು ವಿವರಣೆಸಹಿತ ಕಳಿಸುವುದು ಅವರ ರೂಢಿ. ಉತ್ತರವಾಗಿ ಬರುವುದು ಹೆಬ್ಬೆರಳಿನ ಚಿತ್ರಗಳು ಮಾತ್ರ. ಯಾರಾದರೂ ಓದುತ್ತಾರೆಯೇ ಎಂಬ ಸಂಶಯ ಬಲಿತ ಒಂದು ದಿನ, ಪ್ರೋಗ್ರಾಮನ್ನು ನಿಲ್ಲಿಸುವ ಸಾಲನ್ನು ಬೇಕೆಂದೇ ಬಿಟ್ಟು ಕಳಿಸಿದರು. ಕಂಪ್ಯೂಟರಿನಲ್ಲಿ ಓಡಿಸಿದರೆ ಅದು ನಿಲ್ಲದೆ ಸುತ್ತುತ್ತಲೇ ಇರುತ್ತದೆ. ಬೈಯುವುದಕ್ಕಾದರೂ ಒಬ್ಬರು ಫೋನು ಮಾಡಿಯಾರು.

ಹೆಬ್ಬೆರಳುಗಳು ಎಂದಿನಂತೆ ಬಂದವು. ಫೋನು ಬರಲಿಲ್ಲ.

ಸಂಜೆ ಗ್ರೋಸರಿ ಅಂಗಡಿಯಲ್ಲಿ ಅದೇ ಗುಂಪಿನ ಅಜಿತ್ ಸಿಕ್ಕಿದ.

"ಸುಗುಣಕ್ಕಾ, ನಿಮ್ಮ ಟಿಪ್ಸು ಸೂಪರು ಮಾರಾಯ್ರೆ! ಒಂದೂ ಬಿಡದೆ ಸೇವ್ ಮಾಡಿ ಇಟ್ಟಿದ್ದೇನೆ."

"ಇವತ್ತಿನದ್ದು ಓಡಿಸಿ ನೋಡಿದೆಯಾ?"

"ಟೈಮೆಲ್ಲುಂಟು ಅಕ್ಕ? ರಿಟೈರ್ ಆದ್ಮೇಲೆ ಎಲ್ಲ ಒಟ್ಟಿಗೆ ಓದುವಾ ಅಂತ."

ಸುಗುಣಾ ಅವನೊಂದಿಗೆ ನಕ್ಕರು. ಆದರೆ ಮನೆಗೆ ಬಂದವರೇ, ಎಂದಾದರೂ ಯಾರಾದರೂ ಓಡಿಸಿಬಿಟ್ಟರೆ ಎಂಬ ಅಳುಕಿನಿಂದ, ಬಿಟ್ಟ ಸಾಲನ್ನು ಸೇರಿಸಿ, "ಬೆಳಿಗ್ಗೆಯದರಲ್ಲಿ ತಪ್ಪಿತ್ತು, ಕ್ಷಮಿಸಿ" ಎಂದು ಗುಂಪಿಗೆ ಬರೆದರು. ಚೀಲದಿಂದ ಬಸಳೆಯನ್ನು ಹೊರತೆಗೆಯುವಷ್ಟರಲ್ಲಿ ಫೋನು ಸದ್ದುಮಾಡಿತು.

ಅಜಿತನ ಹೆಬ್ಬೆರಳು.