ನಾಗಪ್ಪ ಹತ್ತುತ್ತಿದ್ದ ದೀಪಸ್ತಂಭ

ಹೋದ ವಾರದ ಮಳೆಗೆ ನಮ್ಮ ವೆಸ್ಟ್‌ಮಂಟ್ ಮನೆಯ ನೆಲದಡಿ ಸೇರುವ ನೀರನ್ನು ಹೊರಹಾಕುವ ಸಂಪ್ ಪಂಪ್ ಕೈಕೊಟ್ಟಿತು. ಬೇಸ್‌ಮೆಂಟಿನಲ್ಲಿ ಪಾದ ಮುಳುಗುವಷ್ಟು ನೀರು. ನಾನೂ ಮಗಳೂ ರಟ್ಟಿನ ಪೆಟ್ಟಿಗೆಗಳನ್ನು ಒಂದೊಂದಾಗಿ ಮೇಲಕ್ಕೆ ಹೊತ್ತು ತಂದೆವು. ಒದ್ದೆ ಕಾಗದದ ವಾಸನೆ ನಿಮಗೂ ಗೊತ್ತಲ್ಲ, ಅದು ಮೂಗಿಗೆ ಬಡಿದ ಮೇಲೆ ಕೆಲಸ ಮುಂದೆ ಸಾಗುವುದಿಲ್ಲ, ಕೂತು ಹಾಳೆ ತಿರುವಲೇಬೇಕು. ಪೆಟ್ಟಿಗೆಯಲ್ಲಿದ್ದದ್ದು ನಮ್ಮ ಕನ್ನಡ ಕೂಟದ ಹಳೆಯ ರಾಜ್ಯೋತ್ಸವ ಸಂಚಿಕೆಗಳು. ಒಂದು ಕಾಲಕ್ಕೆ ಅವುಗಳ ಸಂಪಾದಕಿ ನಾನೇ. ಬೇರೆ ಯಾರೂ ಒಪ್ಪಿರಲಿಲ್ಲ ಎಂಬುದೊಂದೇ ನನಗಿದ್ದ ಅರ್ಹತೆ.

ಮಗಳು ಒಂದು ಸಂಚಿಕೆ ತೆರೆದು, ತಾನು ಒಂಬತ್ತನೇ ವಯಸ್ಸಿನಲ್ಲಿ ಬರೆದ ಚಿತ್ರ ಗುರುತಿಸಿದಳು. ಅಲೆಕ್ಸಾಂಡ್ರಿಯಾದ ಪುರಾತನ ದೀಪಸ್ತಂಭ. ಮಿಶಿಗನ್ ಸರೋವರದ ದಂಡೆಯಲ್ಲಿ ಕಂಡದ್ದನ್ನು ನೆನೆದು ಅದಕ್ಕೂ ಕೆಂಪು ಬಣ್ಣ ಬಳಿದಿದ್ದಳು.

"ಅಮ್ಮಾ, ಡಿಡ್ ದಟ್ ಗೈ ಎವರ್ ಗೆಟ್ ಟು ದ ಟಾಪ್?" ಎಂದಳು.

ಅವಳು ಕೇಳಿದ್ದು ಸಹಜವಾಗಿಯೇ. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗಾಯಿತು ನನಗೆ.

ಅವಳು ಕೇಳಿದ ಆ 'ಗೈ' ನಾಗಪ್ಪ. ಅವನನ್ನು ಸೃಷ್ಟಿಸಿ, ಸಂಚಿಕೆಗೆ ವರ್ಷಕ್ಕೊಂದು ಕಂತು ಕತೆ ಬರೆಯುತ್ತಿದ್ದವರು ಸರೋವರದಾಚೆಯ ಸ್ಟರ್ಲಿಂಗ್ ಹೈಟ್ಸ್‌ನ ಹೊಸಮನಿ ಅಂಕಲ್. ಗದಗದವರು, ಕಾರಿನ ಪ್ಲಾಂಟ್ ಒಂದರಲ್ಲಿ ಎಂಜಿನಿಯರ್ ಆಗಿದ್ದರು. ಚಿಕ್ಕಂದಿನಲ್ಲಿ ಊರಿನ ಲೈಬ್ರರಿಯಲ್ಲಿ ಸಾಹಸ ಕಾದಂಬರಿಗಳನ್ನು ಓದಿ ಅವರಿಗೆ ಆ ದೀಪಸ್ತಂಭದ ಹುಚ್ಚು ಹತ್ತಿತ್ತು. ಜೊತೆಗೆ ಆ ಕಾದಂಬರಿಕಾರರ ಮೇಲೆ ತಕರಾರೂ ಇತ್ತು. ನಾನೂ ಅಂಥ ಮೂರು ನಾಲ್ಕು ಓದಿದ್ದೇನೆ. ಎಲ್ಲದರಲ್ಲೂ ನಾಯಕ ಕತ್ತಿ ಹಿರಿದು ಬುಡದಲ್ಲಿ ನಿಂತಿರುತ್ತಾನೆ, ಮುಂದಿನ ಸಾಲಿನಲ್ಲಿ ತುದಿಯಲ್ಲಿರುತ್ತಾನೆ. ಏದುಸಿರು ಕೂಡ ಇರುವುದಿಲ್ಲ.

"ಮುನ್ನೂರು ಅಡಿ ಅಂತ ಅವರ ಬರೀತಾರ, ಮೂರ ಜಿಗತದಾಗ ಹತ್ತಸ್ತಾರ. ಮೊಣಕಾಲು ಇಲ್ಲೇನವಾ ಅವಂಗ?" ಎನ್ನುತ್ತಿದ್ದರು ಅಂಕಲ್.

ಅವರ ನಾಗಪ್ಪನಿಗೆ ಮೊಣಕಾಲಿತ್ತು. ಬನವಾಸಿ ಕಡೆಯ ಮೆಣಸಿನ ವ್ಯಾಪಾರಿ. ಮಾತು ಬಿಟ್ಟು ಹೋದ ಅಣ್ಣ ಆ ದೀಪಸ್ತಂಭದ ತುದಿಯಲ್ಲಿ ಬೆಂಕಿ ಕಾಯುತ್ತಿದ್ದಾನೆಂದು ಕೇಳಿ ಹಡಗು ಹತ್ತಿದವನು. ಮೊದಲ ವರ್ಷದ ಸಂಚಿಕೆಯಲ್ಲಿ ದೂರದ ಬೆಳಕು ಕಂಡಿತು. ಎರಡನೇ ವರ್ಷ ದಡ ಸೇರಿದ. ಮೂರನೇ ವರ್ಷದಿಂದ ಹತ್ತಲು ಶುರು ಮಾಡಿದವನು ಹತ್ತುತ್ತಲೇ ಉಳಿದ. ಕಲ್ಲು ಎಲ್ಲಿಂದ ಬಂತು, ಮರವಿಲ್ಲದ ನಾಡಿನಲ್ಲಿ ಅಷ್ಟು ಸೌದೆ ಯಾರು ತಂದರು, ಹೊರೆ ಹೊತ್ತ ಹೇಸರಗತ್ತೆ ತಿರುವಿನಲ್ಲಿ ಹೇಗೆ ತಿರುಗುತ್ತಿತ್ತು, ಎಲ್ಲಕ್ಕೂ ಲೆಕ್ಕಾಚಾರ. ಶನಿವಾರ ಬೆಳಿಗ್ಗೆ ಎಂಟಕ್ಕೆ ಫೋನ್ ಮಾಡಿ ತಿದ್ದುಪಡಿ ಹೇಳುತ್ತಿದ್ದರು. ಎಂಟು ಅವರಿಗೆ, ನಮಗಿಲ್ಲಿ ಏಳು. ಹಾಸಿಗೆಯಿಂದಲೇ ನಾನು "ಹೂಂ, ಹೇಳಿ ಅಂಕಲ್" ಎಂದರೆ ನನ್ನ ಯಜಮಾನರು ಮಗ್ಗುಲಾಗಿ, "ನಾಗಪ್ಪ ಎದ್ದನಾ?" ಎನ್ನುತ್ತಿದ್ದರು.

ಸಂಚಿಕೆ ಅಚ್ಚಾದಾಗ ಅಂಕಲ್ ಎರಡು ಪ್ರತಿ ಕೇಳಿ ಪಡೆಯುತ್ತಿದ್ದರು. ಒಂದು ತಮಗೆ, ಒಂದು ಊರಿಗೆ. ಊರಲ್ಲಿ ಯಾರಿಗೆ ಎಂದು ನಾನು ಕೇಳಿದವಳಲ್ಲ.

ಏಳನೇ ವರ್ಷ ನಾನು ಮಾಡಬಾರದ್ದನ್ನು ಮಾಡಿದೆ. ಆ ಸಲ ಮಕ್ಕಳ ವೇಷಭೂಷಣದ ಫೋಟೋಗಳು ಮಿತಿಮೀರಿ ಬಂದಿದ್ದವು. ಒಂದು ಪುಟ್ಟ ಒನಕೆ ಓಬವ್ವನ ಫೋಟೋ ಬಿಟ್ಟುಹೋದರೂ ಅವಳ ತಾಯಿ ಮುಂದಿನ ಯುಗಾದಿಯವರೆಗೆ ನನ್ನ ಮುಖ ನೋಡುವುದಿಲ್ಲ. ಕತೆಗೆ ಒಂದೇ ಪುಟ ಉಳಿಯಿತು. ಅಂಕಲ್ ಕಳಿಸಿದ್ದು ಆರು ಪುಟ, ಅದರಲ್ಲಿ ನಾಗಪ್ಪ ಏರಿದ್ದು ಹನ್ನೊಂದು ಮೆಟ್ಟಿಲು. ನನಗೆ ರೇಗಿತು. ಐದು ಪುಟ ಕತ್ತರಿಸಿ, ಕೊನೆಗೆ ನಾನೇ ಎಂಟು ಸಾಲು ಬರೆದು ಸೇರಿಸಿದೆ. ನಾಗಪ್ಪ ತುದಿ ಮುಟ್ಟಿದ, ಅಣ್ಣ ತಮ್ಮ ಅಪ್ಪಿಕೊಂಡರು, ಕಣ್ಣೀರು ಹರಿಯಿತು. ಕೆಳಗೆ 'ಮುಗಿಯಿತು' ಎಂದೂ ಹಾಕಿದೆ.

ಅಂಕಲ್ ಸಮಾರಂಭಕ್ಕೆ ನಾಲ್ಕೂವರೆ ಗಂಟೆ ಡ್ರೈವ್ ಮಾಡಿಕೊಂಡು ಬಂದಿದ್ದರು. ಬಿಸಿಬೇಳೆಬಾತಿನ ಸಾಲಿನಲ್ಲಿ ನಿಂತೇ ಆ ಪುಟ ಓದಿದರು. ಸಿಟ್ಟು ಮಾಡಲಿಲ್ಲ. "ಅಷ್ಟ ಲಗೂ ಅಪ್ಪಿಕೊಂಡರೇನವಾ?" ಎಂದಷ್ಟೇ ಕೇಳಿ, ಎರಡು ಪ್ರತಿ ಹಿಡಿದುಕೊಂಡು ಹೊರಟುಹೋದರು. ಊಟ ಮಾಡಲಿಲ್ಲ. ಆಮೇಲೆ ಶನಿವಾರದ ಫೋನ್ ನಿಂತಿತು. ಕ್ಷಮೆ ಕೇಳಲು ನನಗೆ ಮುಖವಿರಲಿಲ್ಲ. ನಾಳೆ ಕೇಳೋಣ ಎನ್ನುತ್ತಲೇ ಎಂಟು ವರ್ಷ ಕಳೆದೆ.

ಮಗಳು ಆ ಪ್ರಶ್ನೆ ಕೇಳಿದ್ದು ಶನಿವಾರ, ಬೆಳಿಗ್ಗೆಯೇ. ಧೈರ್ಯ ಮಾಡಿ ಫೋನ್ ಮಾಡಿದೆ. ಅವರ ಲೈನ್ ಎಂಗೇಜ್. ಅರ್ಧ ಗಂಟೆಗೆ ಅವರೇ ವಾಪಸ್ ಮಾಡಿದರು.

"ಯಾರು, ಸಂಪಾದಕರಾ? ಆರಾಮ ಅದಿಯೇನವಾ? ಅಣ್ಣನ ಜೋಡಿ ಮಾತಾಡಾಕತ್ತಿದ್ದೆ. ಶನಿವಾರ ಮುಂಜಾನಿ ಅಂವಂದು."

"ನಿಮಗೆ ಅಣ್ಣ ಇದಾರಾ ಅಂಕಲ್?"

"ಅದಾನ, ಗದಗದಾಗ. ಅವ್ವ ತೀರಿಕೊಂಡಾಗ ಇಲ್ಲಿ ಹಿಮ ಬಿದ್ದು ವಿಮಾನ ಹೊಂಡಲಿಲ್ಲ. ನಾ ಮುಟ್ಟೂದ್ರಾಗ ಎಲ್ಲಾ ಮುಗದಿತ್ತು. ಅವತ್ತ ಮಾತು ಬಿಟ್ಟ. ವರ್ಷಾ ಸಂಚಿಕಿ ಕಳಸ್ತಿದ್ದೆ. ಹೊಳ್ಳಿ ಕಳಸ್ತಿರಲಿಲ್ಲ, ಓದ್ತಾನ ಅಂತ ತಿಳಕೊಂಡಿದ್ದೆ."

ಒಬ್ಬ ತಮ್ಮ ಅಣ್ಣನಿಗೆ ಬರೆಯುತ್ತಿದ್ದ ಕಾಗದಕ್ಕೆ ನಾನು ಕತ್ತರಿ ಹಾಕಿದ್ದೆ.

"ಅಂಕಲ್, ಸಾರಿ. ಆ ಕೊನೇ ಎಂಟು ಸಾಲು..."

"ಕೇಳಿಲ್ಲೆ. ಅದು ಮುಟ್ಟಿದ ಮರುದಿನಾನ ಅಂವಾ ಫೋನ್ ಮಾಡಿದ. ಎಷ್ಟೋ ವರ್ಷಕ್ಕ ಮೊದಲನೇ ಮಾತು ಏನು ಗೊತ್ತೈತೇನು? 'ಆ ಕಡೀ ಎಂಟು ಸಾಲು ನೀ ಬರದದ್ದಲ್ಲ. ನಾವು ಅಷ್ಟ ಲಗೂ ಅಪ್ಪಿಕೊಳ್ಳೋ ಮಂದಿ ಅಲ್ಲ. ಖರೇ ಮುಂದೇನಾತು ಹೇಳು' ಅಂತ ಒದರಿದ. ಅವತ್ತಿಂದ ಹೇಳಾಕತ್ತೀನಿ."

ನಾನು ಅತ್ತೆ. ನಾಚಿಕೆಯೂ ಆಯಿತು, ಸಂತೋಷವೂ ಆಯಿತು. ಸಾವರಿಸಿಕೊಂಡು ಕೇಳಿದೆ, "ನಾಗಪ್ಪ ಈಗ ಎಲ್ಲಿದಾನೆ ಅಂಕಲ್?"

"ಮೆಟ್ಟಲ ಮ್ಯಾಲ ಅದಾನ. ವಾರಕ್ಕ ಒಂದೋ ಎರಡೋ ಹತ್ತಸ್ತೀನಿ."

"ಇನ್ನೂನಾ?"

"ಅಣ್ಣಗ ಎಂಬತ್ತೊಂಬತ್ತವಾ. ಮ್ಯಾಲ ಮುಟ್ಟಿದ್ರ ಕಥಿ ಮುಗೀತೈತಿ. ನನಗೇನ ಅವಸರ?"

ಫೋನ್ ಇಟ್ಟಾಗ ಮಗಳು ಇನ್ನೂ ಅದೇ ಸಂಚಿಕೆ ಹಿಡಿದು ನನ್ನನ್ನೇ ನೋಡುತ್ತಿದ್ದಳು. "ನಾಟ್ ಯೆಟ್" ಎಂದೆ. ಏಳನೇ ವರ್ಷದ ಸಂಚಿಕೆ ಹುಡುಕಿ ತೆಗೆದೆ. ಹಾಳೆ ಒದ್ದೆಯಾಗಿತ್ತು, ಪೆನ್ನು ಸರಿಯಾಗಿ ಹಿಡಿಯಲಿಲ್ಲ. ಆದರೂ ನನ್ನ ಎಂಟು ಸಾಲುಗಳನ್ನು ಒಂದೊಂದಾಗಿ ಹೊಡೆದುಹಾಕಿದೆ. 'ಮುಗಿಯಿತು' ಎಂಬುದನ್ನು ಎರಡು ಸಲ ಹೊಡೆದೆ.