ಗೆರೆ ತಪ್ಪದ ಟೇಪು

ಅವನು ಬಣ್ಣ ಹೊಡೆದ ಕಾರಿನ ಬಾಗಿಲಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು. ಅದಕ್ಕೇ ಎಲ್ಲರೂ ಅವನನ್ನು ಕನ್ನಡಿ ಎಂದು ಕರೆಯುತ್ತಿದ್ದರು. ಆ ಕಸುಬು ಬಿಟ್ಟರೆ ಅವನಿಗೆ ಬೇರೇನೂ ಬರುತ್ತಿರಲಿಲ್ಲ, ಕಲಿಯುವ ಆಸೆಯೂ ಇರಲಿಲ್ಲ.

ಶೆಡ್ಡಿನಲ್ಲಿ ಅವನ ಪಾಲುದಾರ ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ. ಕನ್ನಡಿಯದು ಕೈ, ಷಡ್ಡಕನದು ಬಾಯಿ. ಇವನು ಬಣ್ಣ ಹೊಡೆದರೆ ಅವನು ಗಿರಾಕಿಗಳ ಜೊತೆ ಹರಟೆ ಹೊಡೆಯುತ್ತಿದ್ದ. ಹೀಗೇ ನಡೆದುಕೊಂಡು ಹೋಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಷಡ್ಡಕನಿಗೆ ಇಡೀ ಶೆಡ್ಡಿನ ಮೇಲೆ ಕಣ್ಣು ಬಿತ್ತು. ಒಂದು ಬೆಳಿಗ್ಗೆ ನಾಲ್ಕು ಜನ ಗಿರಾಕಿಗಳು ನಿಂತಿದ್ದಾಗಲೇ ಕನ್ನಡಿಯ ಮಣಿಕಟ್ಟು ಹಿಡಿದು ಎತ್ತಿ ತೋರಿಸಿದ.

"ನೋಡಿ, ಕೈ ನಡುಗುತ್ತೆ. ಕಣ್ಣೂ ಮೊದಲಿನ ಹಾಗಿಲ್ಲ. ಪಾಪ, ಎಷ್ಟು ದಿನ ಅಂತ ಮಾಡ್ತಾನೆ?"

ಕೈ ನಡುಗಿದ್ದು ನಿಜ. ಆದರೆ ಅದು ಸಿಟ್ಟಿಗೆ. ಅದನ್ನು ಯಾರಿಗೆ ಹೇಳುವುದು? ಮಾತು ಊರೆಲ್ಲ ಸುತ್ತಿತು. ಗಿರಾಕಿಗಳು ಅವನನ್ನು ಕಂಡರೆ ಮುಖ ತಿರುಗಿಸತೊಡಗಿದರು. ಷಡ್ಡಕ ಬೇರೊಬ್ಬ ಪೇಂಟರನ್ನು ತಂದಿಟ್ಟುಕೊಂಡ. ಕನ್ನಡಿ ಮನೆಯಲ್ಲಿ ಕೂತ. ಬೈದಿದ್ದರೆ ತಡೆದುಕೊಳ್ಳುತ್ತಿದ್ದನೋ ಏನೋ. ಆ "ಪಾಪ" ಎಂಬ ಮಾತು ಮಾತ್ರ ಕೂತರೂ ನಿಂತರೂ ಅವನ ಹೊಟ್ಟೆ ಉರಿಸುತ್ತಿತ್ತು.

"ಹೋಗ್ಲಿ ಬಿಡ್ರೀ," ಎಂದಳು ಹೆಂಡತಿ. "ಅಕ್ಕನ ಮುಖ ನೋಡಿ ಸುಮ್ಮನಿರಿ. ಭಾವನ ಬುದ್ಧಿ ನಮಗೆ ಗೊತ್ತಿಲ್ವಾ?"

"ನಿಮ್ಮ ಭಾವನಿಗೆ ನನ್ನ ಕೈ ಎಂಥದು ಅಂತ ಗೊತ್ತಾಗಬೇಕು, ಅಷ್ಟೇ."

ಷಡ್ಡಕನಿಗೆ ಒಂದು ಬಿಳಿ ಕಾರಿತ್ತು. ಅದಕ್ಕೆ ಬಣ್ಣ ಹೊಡೆದವನು ಕನ್ನಡಿಯೇ. ಅದು ಬೀದಿಯಲ್ಲಿ ಹೋದರೆ ಜನ ತಿರುಗಿ ನೋಡುತ್ತಿದ್ದರು. ಒಂದು ರಜೆಯ ಮಧ್ಯಾಹ್ನ, ಷಡ್ಡಕನ ಮನೆಯವರೆಲ್ಲ ಉಂಡು ಮಲಗಿದ್ದಾಗ, ಕನ್ನಡಿ ಬಣ್ಣ ಕೀಳುವ ಪೇಂಟ್ ರಿಮೂವರ್ ಡಬ್ಬ ಹಿಡಿದು ಹಿತ್ತಲ ಗೇಟಿನಿಂದ ಒಳಗೆ ಹೋದ. ಬಾನೆಟ್ಟಿನ ಮೇಲೂ ಬಾಗಿಲುಗಳ ಮೇಲೂ ಸುರಿದು ಬ್ರಷ್ಷಿನಲ್ಲಿ ಹರಡಿದ. ಬಣ್ಣ ಗುಳ್ಳೆ ಎದ್ದು ಸುಕ್ಕುಗಟ್ಟಿತು. ಅದನ್ನು ನೋಡುತ್ತಾ ನಿಂತಾಗ ಎಷ್ಟೋ ದಿನಗಳ ನಂತರ ಅವನಿಗೆ ಚೆನ್ನಾಗಿ ಹಸಿವಾಯಿತು. ಮನೆಗೆ ಹೋಗಿ ಹೊಟ್ಟೆ ತುಂಬ ಉಂಡು ಗೊರಕೆ ಹೊಡೆದ.

ಸಂಜೆಯ ಹೊತ್ತಿಗೆ ಪೊಲೀಸರು ಬಾಗಿಲಲ್ಲಿದ್ದರು.

"ಯಾರೂ ನನ್ನನ್ನ ನೋಡಿಲ್ಲ," ಎಂದ ಕನ್ನಡಿ, ಕೇಳುವುದಕ್ಕೆ ಮೊದಲೇ.

ಇನ್ಸ್‌ಪೆಕ್ಟರಿಗೆ ನಗು ತಡೆಯಲಾಗಲಿಲ್ಲ. "ನೋಡೋದೇನು ಬಂತು ಮಾರಾಯ? ಕಾರು ಹಾಳು ಮಾಡೋಕೆ ಬಂದವನು ಗಾಜಿಗೆ, ಲೈಟಿಗೆ, ರಬ್ಬರಿಗೆಲ್ಲ ಪೇಪರ್ ಮುಚ್ಚಿ ಟೇಪ್ ಅಂಟಿಸ್ತಾನಾ, ಅದೂ ಗೆರೆ ತಪ್ಪದ ಹಾಗೆ?"

ಕನ್ನಡಿ ಹಣೆ ಚಚ್ಚಿಕೊಂಡ. ಟೇಪು ಅಂಟಿಸಿದ್ದು ಅವನಿಗೆ ನೆನಪೇ ಇರಲಿಲ್ಲ! ಇಷ್ಟು ವರ್ಷ ರಿಮೂವರ್ ಹಚ್ಚುವ ಮೊದಲು ಗಾಜಿನ ಸುತ್ತ ಟೇಪು ಅಂಟಿಸಿದ ಕೈ, ಯಾರನ್ನೂ ಕೇಳದೆ ತನ್ನ ಕೆಲಸ ತಾನು ಮಾಡಿ ಮುಗಿಸಿತ್ತು.

ಬೇರೆಯವರ ಸ್ವತ್ತಿಗೆ ಬೇಕೆಂದೇ ಹಾನಿ ಮಾಡಿದ ಕೇಸು ಬಿತ್ತು. ಸಾಬೀತಾದರೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಅದರ ಮೇಲೆ ಕಾರಿನ ನಷ್ಟವನ್ನೂ ಕಟ್ಟಿಕೊಡಬೇಕು. ಅವನ ಪರ ನಿಂತ ವಕೀಲೆ ಚುರುಕಿನ ಹೆಂಗಸು.

"ನೀವು ಬಾಯಿ ಬಿಡಬೇಡಿ," ಎಂದಳು. "ಟೇಪ್ ಬಿಟ್ಟರೆ ಅವರ ಹತ್ತಿರ ಸಾಕ್ಷಿ ಇಲ್ಲ. ನಿಮ್ಮ ಕೈ ನಡುಗುತ್ತೆ ಅಂತ ನಿಮ್ಮ ಷಡ್ಡಕರೇ ಊರಿಗೆಲ್ಲ ಹೇಳಿದಾರಲ್ಲ? ನಡುಗೋ ಕೈಯಲ್ಲಿ ಅಂಥ ಟೇಪ್ ಅಂಟಿಸೋಕಾಗುತ್ತಾ? ಅದೊಂದೇ ಮಾತಲ್ಲಿ ನಿಮ್ಮನ್ನ ಬಿಡಿಸ್ತೀನಿ."

ಬಿಡುಗಡೆ ಬೇಕಾದರೆ ನಡುಗುವ ಕೈಯವನಾಗಿಯೇ ಹೊರಗೆ ಬರಬೇಕು. ಕನ್ನಡಿಗೆ ಅನ್ನ ಇಳಿಯಲಿಲ್ಲ. ಆದರೂ ಹೆಂಡತಿಯ ಮುಖ ನೋಡಿ ಹೂಂ ಎಂದ.

ವಿಚಾರಣೆಯ ದಿನ ಷಡ್ಡಕ ಹಳೆಯ ಗಿರಾಕಿಗಳನ್ನೆಲ್ಲ ಕಟ್ಟಿಕೊಂಡು ಬಂದಿದ್ದ. ಕನ್ನಡಿಗೆ ಶಿಕ್ಷೆಯಾಗುವುದನ್ನು ಎಲ್ಲರೂ ಕಣ್ಣಾರೆ ನೋಡಲಿ ಎಂದು ಅವನ ಆಸೆ. ಕನ್ನಡಿಯ ಹೆಂಡತಿ ನಾಚಿಕೆಯಿಂದ ಒಳಗೆ ಬರದೆ ಜಗಲಿಯಲ್ಲೇ ಉಳಿದಳು.

ವಕೀಲೆ ಎದ್ದು, ಸಾಕ್ಷಿ ಹೇಳಲು ಕಟಕಟೆಯಲ್ಲಿ ನಿಂತಿದ್ದ ಷಡ್ಡಕನನ್ನು ಕೇಳಿದಳು. "ಇವರ ಕೈ ನಡುಗುತ್ತೆ ಅಂತ ಹೇಳಿದ್ದು ನೀವೇ ಅಲ್ವಾ?"

ಷಡ್ಡಕ ಗಿರಾಕಿಗಳ ಕಡೆ ನೋಡಿದ. ಹೌದೆಂದರೆ ಕೇಸು ಬಿದ್ದುಹೋಗುತ್ತದೆ. ಅಲ್ಲವೆಂದರೆ ತನ್ನ ಬಾಯಿ ಸುಳ್ಳಾಗುತ್ತದೆ. ಬೆವರು ಒರೆಸಿಕೊಂಡ. ಆದರೆ ಗುಳ್ಳೆ ಎದ್ದ ಬಾನೆಟ್ಟು ಅವನ ಕಣ್ಣ ಮುಂದೆ ಬಂದಿರಬೇಕು. ಅವನೊಳಗೂ ಸೇಡು ಕುದಿಯುತ್ತಿತ್ತಲ್ಲ.

"ಸುಳ್ಳು ಹೇಳಿದ್ದೆ ಸ್ವಾಮಿ," ಎಂದು ಅರಚಿದ. "ಶೆಡ್ಡು ನನಗೇ ಉಳೀಲಿ ಅಂತ ಹೇಳಿದ್ದು. ಇವನ ಕೈ ನಡುಗೋದೇ ಇಲ್ಲ. ಇಷ್ಟು ನೆಟ್ಟಗೆ ಟೇಪ್ ಅಂಟಿಸೋ ಕೈ ಈ ಊರಲ್ಲಿ ಇರೋದು ಒಂದೇ, ಅದು ಇವನದು!"

ಗಿರಾಕಿಗಳಲ್ಲಿ ಗುಸುಗುಸು ಎದ್ದಿತು. ಕನ್ನಡಿ ಕಣ್ಣು ಮುಚ್ಚಿಕೊಂಡು ಆ ಮಾತನ್ನು ಸವಿದ.

ವಕೀಲೆ ಬಿಡಲಿಲ್ಲ. "ತಾನು ಸುಳ್ಳುಗಾರ ಅಂತ ಸಾಕ್ಷಿಯೇ ಒಪ್ಪಿಕೊಂಡಿದ್ದಾರೆ ಸ್ವಾಮಿ. ಆಗ ಸುಳ್ಳು ಹೇಳಿದವರು ಈಗ ಹೇಳೋದನ್ನು ಹೇಗೆ ನಂಬೋದು? ಇದೂ ಸುಳ್ಳೇ."

ನ್ಯಾಯಾಧೀಶರು ತಲೆಯಾಡಿಸಿದರು. ಬಿಡುಗಡೆ ಇನ್ನೇನು ಕೈಗೆ ಬಂದಿತ್ತು. ಅಷ್ಟರಲ್ಲಿ ಕನ್ನಡಿ ಎದ್ದು ನಿಂತ. ವಕೀಲೆ ಅವನ ತೋಳು ಹಿಡಿದು ಎಳೆದಳು, ಕೊಡವಿಕೊಂಡ.

"ಇಲ್ಲ ಸ್ವಾಮಿ. ಅವನು ಜನ್ಮದಲ್ಲಿ ಒಂದೇ ಒಂದು ನಿಜ ಹೇಳಿದಾನೆ, ಅದನ್ನ ಸುಳ್ಳು ಮಾಡಬೇಡಿ. ಟೇಪ್ ಅಂಟಿಸಿದ್ದು ನಾನೇ. ಕಾರು ಹಾಳು ಮಾಡಿದ್ದೂ ನಾನೇ."

ಕೋಪದ ಭರದಲ್ಲಿ ಆದ ತಪ್ಪು ಎಂದು ವಕೀಲೆ ಬೇಡಿಕೊಂಡಳು. ನ್ಯಾಯಾಧೀಶರು ಒಪ್ಪಲಿಲ್ಲ. ಅಷ್ಟು ತಾಳ್ಮೆಯಿಂದ ಟೇಪು ಅಂಟಿಸಿದವನಿಗೆ ಮೈಮೇಲೆ ಎಚ್ಚರ ಇರಲಿಲ್ಲ ಎನ್ನುವುದು ಹೇಗೆ ಎಂದರು. ಒಂದು ತಿಂಗಳು ಜೈಲು, ಮೇಲೆ ಕಾರಿನ ನಷ್ಟ. ಷಡ್ಡಕನಿಗೆ ಗೆದ್ದ ಖುಷಿಯೂ ಇರಲಿಲ್ಲ. ಅವನು ಕರೆತಂದ ಗಿರಾಕಿಗಳು ಅವನನ್ನು ಮಾತಾಡಿಸದೆ ಎದ್ದು ಹೋಗುತ್ತಿದ್ದರು. ಅವರಲ್ಲೊಬ್ಬ ಕನ್ನಡಿಯ ಹತ್ತಿರ ಬಂದು, "ತಿಂಗಳು ಕಳೀಲಿ, ನನ್ನ ಗಾಡಿ ನಿನಗೋಸ್ಕರ ಕಾದಿರುತ್ತೆ," ಎಂದ.

ಜಗಲಿಯಲ್ಲಿ ಪೇದೆ ಅವನನ್ನು ಕರೆದುಕೊಂಡು ಹೋಗುವಾಗ ಹೆಂಡತಿ ಅಡ್ಡ ಬಂದಳು. ಅತ್ತು ಅತ್ತು ಕಣ್ಣು ಕೆಂಪಾಗಿತ್ತು.

"ಬುದ್ಧಿ ಇದೆಯೇನ್ರೀ ನಿಮಗೆ? ಬಿಟ್ಟುಬಿಡ್ತಿದ್ರಂತಲ್ಲ!"

ಕನ್ನಡಿ ಕೋಳ ಹಾಕಿದ ಕೈಗಳನ್ನು ಅವಳ ಮುಂದೆ ಚಾಚಿದ. ಅವು ಒಂದಿಷ್ಟೂ ಅಲುಗಲಿಲ್ಲ. ಅವಳು ಆ ಕೈಗಳನ್ನು ನೋಡಿದಳು, ಸೆರಗಿನಿಂದ ಮೂಗು ಒರೆಸಿಕೊಂಡಳು, ಆಮೇಲೆ ಹತ್ತಿರ ಬಂದು ದನಿ ತಗ್ಗಿಸಿದಳು.

"ನಾನು ಹೊರಗಿದ್ದೆ, ಸರಿಯಾಗಿ ಕೇಳಿಸಲಿಲ್ಲ. ಭಾವ ಏನಂದ? ಇನ್ನೊಂದ್ಸಲ ಹೇಳಿ."